ಹದಿನೇಳನೆಯ ಗಾಜು

ಒಂದೇ ಸೀಸೆ, ಒಂದೇ ಹನಿ, ಒಂದೇ ಮಧ್ಯಾಹ್ನ.
ಒಂಬತ್ತನೆಯ ಗಾಜಿನಲ್ಲಿ ಕರೆಂಟು ಹರಿಯುತ್ತದೆ,
ಹತ್ತನೆಯದರಲ್ಲಿ ಮುಳ್ಳು ಅಲ್ಲಾಡುವುದಿಲ್ಲ.
ಕಾರವಾರದ ಕಾಲೇಜು, ಮೇಲ್ಮಹಡಿ, ಮೂಲೆಯ ಕೋಣೆ;
ಕಿಟಕಿಯಾಚೆ ದೂರದಲ್ಲಿ
ಬೈತಖೋಲದ ಬಂದರು, ಡಾಂಬರು ಇಳಿಸುವ ಹಡಗು,
ಒಳಗೆ ನಾನು, ಗಿರಗಿರ ತಿರುಗುವ ತಟ್ಟೆ,
ಪೆರೊವ್‌ಸ್ಕೈಟ್ ಎಂಬ ಉದ್ದ ಹೆಸರಿನ ಪದರ:
ಕೂದಲೊಂದನ್ನು ನೂರೈವತ್ತು ಪಾಲು ಮಾಡಿದರೆ
ಅದರಲ್ಲಿ ಒಂದು ಪಾಲು.
ಬಿಸಿಗೆ ಇಟ್ಟರೆ ಹಳದಿ ಕಂದಾಗಿ, ಕಂದು ಕಪ್ಪಾಗಿ
ಬಂಗಡೆಯ ಬೆನ್ನಿನ ಹಾಗೆ ಮಿರಿಮಿರಿ.
ಬರಿಗಣ್ಣಿಗೆ ಎರಡೂ ಒಂದೇ. ಮೀಟರಿಗೆ ಅಲ್ಲ.

ಚಿತ್ರ ಧಾರವಾಡದಿಂದ ಬರಬೇಕು.
ಅಲ್ಲಿಯ ಸೂಕ್ಷ್ಮದರ್ಶಕಕ್ಕೆ ನಾಲ್ಕು ವಾರದ ಸರದಿ.
ಬಂತು ಕೊನೆಗೆ, ಫೋನಿಗೆ.
ಹಬ್ಬುವಾಡದ ಬಸ್ಸಿನಲ್ಲಿ ನಿಂತೇ ನೋಡಿದೆ:
ಗುಡ್ಡದ ಮೇಲಿಂದ ಕಂಡಂಥ ಗದ್ದೆಬಯಲು.
ಒಂಬತ್ತನೆಯದರಲ್ಲಿ ಅಗಲಗಲ ಗದ್ದೆ,
ಹತ್ತನೆಯದು ಅಣ್ಣತಮ್ಮಂದಿರು ಪಾಲು ಮಾಡಿ ಮಾಡಿ
ಹಾಳಿಯೇ ಹೆಚ್ಚು, ನೆಲವೇ ಕಡಿಮೆ.
ಹಾಳಿಗೊಂದು ಕೆಸರುಗುಂಡಿ.
ಎಲೆಕ್ಟ್ರಾನು ಅಲ್ಲಿಯವರೆಗೆ ಓಡಿ ಬಂದು
ಕಾಲು ಹುಗಿದು ನಿಲ್ಲುತ್ತದೆ.

ಗಡಿಯೇ ಶತ್ರು, ಎಂದು ನೋಟುಬುಕ್ಕಿನಲ್ಲಿ ಬರೆದೆ.
ಅದರ ಕೆಳಗೆ: ತೇವವೂ.
ಮೇ ತಿಂಗಳ ಕಾರವಾರದಲ್ಲಿ ಒಣ ಗಾಳಿ ಹುಡುಕುವವಳನ್ನು ಕಂಡು
ಜವಾನರು ನಕ್ಕರು.
ತೇವ ಹೀರುವ ಯಂತ್ರ ಇಡೀ ದಿನ ಗೊರಗೊರ;
ಅದರ ಬಕೆಟ್ ಎತ್ತಿ ಎತ್ತಿ ಚೆಲ್ಲಿ
ರೋಹಿದಾಸ ಬಾನಾವಳಿಯವರ ಸೊಂಟ ಹಿಡಿಯಿತು.

ಹದಿನೇಳನೆಯ ಗಾಜಿನ ದಿನ ಅವರು ರಜೆ.
ಬಕೆಟ್ ತುಂಬಿ ಯಂತ್ರ ತಾನೇ ನಿಂತದ್ದು
ನನಗೆ ತಿಳಿಯಲಿಲ್ಲ.
ಬಿಸಿತಟ್ಟೆಯ ಮೇಲೆ ಹತ್ತು ನಿಮಿಷ
ಗಾಜು ಕಡಲಿನ ಉಸಿರು ಕುಡಿಯಿತು.
ಎಸೆಯಹೋದವಳು, ಯಾಕೋ, ತಂತಿ ತಾಗಿಸಿದೆ.
ಆಮೇಲೆ ಮೀಟರೇ ಕೆಟ್ಟಿದೆಯೆಂದು
ಎರಡು ಸಲ ಬ್ಯಾಟರಿ ಬದಲಿಸಿದೆ.

ಮತ್ತೆ ಧಾರವಾಡ, ಮತ್ತೆ ಸರದಿ, ಮತ್ತೆ ಫೋನಿಗೆ ಚಿತ್ರ.
ಆ ಭಾನುವಾರ ಮಾದನಗೇರಿಯಲ್ಲಿ ಬಸ್ಸಿಳಿದು
ಸಾಣಿಕಟ್ಟೆಗೆ ಹೋದೆ.
ಬೀರಮ್ಮ ಆಗೇರ ಹಲಗೆ ಹಿಡಿದು
ವರ್ಷದ ಕೊನೆಯ ಉಪ್ಪು ಎಳೆಯುತ್ತಿದ್ದರು.
ಒದ್ದೆ ಕೈ ಸೆರಗಿಗೆ ಒರೆಸಿ ಫೋನು ಇಸಿದುಕೊಂಡರು:
‘ಇದ್ ಯಾವ ಆಗರ? ಹರಳು ದೊಡ್ಡದ್ ಬಂದದೆ.
ಗಾಳಿ ಜೋರಿದ್ರೆ ಪುಡಿ, ಕೆದಕೂಕೆ ಹೋದ್ರೂ ಪುಡಿ.
ಕೂತ್ಕಣೂಕೆ ಹೊತ್ತು ಕೊಡ್ಬೇಕು ಮಗಾ.’
ಎಷ್ಟು ಹೊತ್ತು?
‘ಅದ್ ಹೇಳೂಕೆ ಬರೂದಿಲ್ಲ.’
ಪಡುವಣದ ಮೋಡ ನೋಡಿದರು.
‘ನಾಕ್ ಹನಿ ಹೆಚ್ಚಾದ್ರೆ ಎಲ್ಲ ನೀರೇ.’
ಹಲಗೆ ಮತ್ತೆ ಬೇಗ ಬೇಗ ಸರಿಯಿತು.

ತಿರುಗಿ ಬರುವಾಗ ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿದೆ.
ಅಗಲ ಗದ್ದೆಗಳು, ಸರಿ. ಆದರೆ ಹಾಳಿಗುಂಟ
ಬಿಳಿ ಬಿಳಿ ಚುಕ್ಕೆ:
ಕೂಡದೆ ಉಳಿದ ಸೀಸದ ಅಯೊಡೈಡು,
ಕಳೆ ಎಂದು ನಾನು ಹೊಡೆದುಹಾಕುತ್ತಿದ್ದದ್ದು.
ಅದೇ ಹೋಗಿ ಗುಂಡಿಗುಂಡಿಗೂ ಮೆತ್ತಿಕೊಂಡು
ದಾಟಲು ದಾರಿ ಮಾಡಿಕೊಟ್ಟಿರಬೇಕು.
ನೋಟುಬುಕ್ಕಿನಲ್ಲಿ ‘ಶತ್ರು’ವಿನ ಮುಂದೆ
ಪ್ರಶ್ನೆಯ ಗುರುತು ಹಾಕಿದೆ.

ಹದಿನೆಂಟನೆಯದನ್ನು ಯಂತ್ರ ಪೂರಾ ನಿಲ್ಲಿಸಿ ಮಾಡಿದೆ.
ಸಂಜೆಯೊಳಗೆ ಹಳದಿಗೆ ತಿರುಗಿ
ಹಳೆಯ ಕಾಮಾಲೆಯಂತೆ ಕೂತಿತು.
ರೋಹಿದಾಸರು ಸೊಂಟಕ್ಕೆ ಪಟ್ಟಿ ಸುತ್ತಿಕೊಂಡು ಬಂದು
ಬಕೆಟ್ ಇಣುಕಿದರು:
‘ಚೆಲ್ಲಲೋ ಬಾಯಿ, ಇರಲೋ?’
ಅರ್ಧ, ಎಂದೆ.