ಕ ಕ ಕೆ ಕಿ

ಮೂಂಟಾ ಊರಿನ ಸಭಾಂಗಣದ ಹಿಂದೆ ತಗಡಿನ ಕೋಣೆ,
ಬುಧವಾರ ಸಂಜೆ ಏಳು.
ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ಮುಗಿಸಿ
ಕೈ ಒರೆಸಿಕೊಳ್ಳುತ್ತ ಬಂದವಳು ನಾನು.
ಪಂಪು ಕೆಟ್ಟು ಕೂತ ಗೋಧಿ ಬೆಳೆಗಾರ ಟ್ರೆವರ್.
ಯಾರದೋ ಬಲವಂತಕ್ಕೆ ಬಂದ ಹದಿನಾಲ್ಕರ ಲಾಕ್ಲನ್.
ಪಾಠ ಹೇಳುವವಳು ಡೊರೀನ್ ಪ್ಯಾಸ್ಕೊ, ಎಪ್ಪತ್ತೊಂಬತ್ತು,
ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ತಂತಿ ಬೆಸೆದವಳು.

"ವೋಲ್ಟೇಜ್ ಎಲ್ಲಿದೆ, ತೋರಿಸು" ಅಂದಳು ಮೊದಲ ದಿನ.
ಬ್ಯಾಟರಿಯ ನೆತ್ತಿಗೆ ಮೀಟರಿನ ಕೆಂಪು ಕಡ್ಡಿ ಮುಟ್ಟಿಸಿದೆ.
ಸೊನ್ನೆ.
"ಅದು ಒಂದು ಕಡೆ ಇರುವುದೇ ಇಲ್ಲ. ಎರಡರ ನಡುವೆ ಇರುತ್ತದೆ.
ಕಪ್ಪು ಕಡ್ಡಿ ಎಲ್ಲಿ?"
ಕಪ್ಪು ಕಡ್ಡಿ ನನ್ನ ಮಡಿಲಲ್ಲಿ ಬಿದ್ದಿತ್ತು.

ಕರೆಂಟು ಹೋಯಿತು, ಕರೆಂಟು ಬಂತು:
ನಾನು ಬಲ್ಲ ವಿದ್ಯುತ್ತು ಅಷ್ಟೇ.
ಹೋಗುವುದು ಬರುವುದು ಎರಡಲ್ಲವಂತೆ.
ಹೋದದ್ದೆಲ್ಲ ಸುತ್ತಿ ಬರಲೇಬೇಕು,
ದಾರಿಯಲ್ಲಿ ಕೂದಲೆಳೆಯ ಬಿರುಕಿದ್ದರೂ
ಹೊರಡುವುದೇ ಇಲ್ಲ ಮಹರಾಯ.
ಮತ್ತೆ ನೆಲ ಅಂದರೆ ಮಣ್ಣಲ್ಲ;
ಇದು ಸೊನ್ನೆ ಎಂದು ಎಲ್ಲರೂ ಒಪ್ಪಿಕೊಂಡ ಒಂದು ತಂತಿ.
(ಕಿಟಕಿಯಾಚೆ, ತಾಮ್ರ ತೆಗೆದು ಬಿಟ್ಟ ಗಣಿಯ ಕೆಂಪು ದಿಬ್ಬ.
ಅದು ಮಾತ್ರ ಮಣ್ಣೇ.)

ಭತ್ತದ ಕಾಳಿನಷ್ಟು ರೆಸಿಸ್ಟರು, ಮೈತುಂಬ ಬಣ್ಣದ ಬಳೆ.
ಮೊದಲೆರಡು ಅಂಕಿ, ಮೂರನೆಯದು ಹಿಂದೆ ಬರುವ ಸೊನ್ನೆಗಳು,
ಕೊನೆಯ ಚಿನ್ನದ್ದು ಬರೀ ಭರವಸೆ: ನೂರಕ್ಕೆ ಐದು ಆಚೀಚೆ.
ಒಂಬತ್ತು ವೋಲ್ಟಿನಲ್ಲಿ ಎಲ್‌ಇಡಿ ತನಗೆಂದು ಎರಡು ಇಟ್ಟುಕೊಳ್ಳುತ್ತದೆ.
ಮಿಕ್ಕ ಏಳನ್ನು ಸಾವಿರ ಓಮಿನಿಂದ ಭಾಗಿಸು:
ಏಳು ಮಿಲಿಆಂಪ್. ಒಂದು ಕೆಂಪು ಚುಕ್ಕೆಗೆ ಧಾರಾಳವಾಯಿತು.
ಬೇಕಾದದ್ದು ಕಂದು, ಕಪ್ಪು, ಕೆಂಪು.
ಟ್ಯೂಬ್‌ಲೈಟಿನಡಿ ನಾನು ಎತ್ತಿಕೊಂಡದ್ದು ಕಂದು, ಕಪ್ಪು, ಕಪ್ಪು.
ಸಾವಿರವಲ್ಲ, ಹತ್ತು.
ಫಟ್.
ಸೀದ ವಾಸನೆ ಚಹಾದವರೆಗೂ ಹೋಗಲಿಲ್ಲ.
"ಹತ್ತಿತ್ತಲ್ಲ, ನಾನು ನೋಡಿದೆ" ಅಂದ ಟ್ರೆವರ್.

ಬಣ್ಣಗಳ ಸರದಿ ನೆನಪಿಡಲು ಇಂಗ್ಲಿಷಿನಲ್ಲೊಂದು ಸಾಲಿದೆಯಂತೆ,
ಎಕ್ಸ್‌ಚೇಂಜಿನ ಗಂಡಸರು ಕಲಿಸಿದ್ದು.
"ಹುಡುಗನ ಮುಂದೆ ಬಾಯಿಗೆ ತರುವಂಥದ್ದಲ್ಲ."
ಲಾಕ್ಲನ್ ಅಂದು ಮೊದಲ ಸಲ ತಲೆಯೆತ್ತಿದ.

ಕರೆಂಟ್ ಬಿಲ್ಲಿನ ಲಕೋಟೆಯ ಬೆನ್ನಿಗೆ, ಸೊನ್ನೆಯಿಂದ,
ನನ್ನ ಅಕ್ಷರದಲ್ಲಿ ಬರೆದುಕೊಂಡೆ:
ಕಪ್ಪು ಕಂದು ಕೆಂಪು ಕಿತ್ತಳೆ,
ಹಳದಿ ಹಸಿರು, ನೀಲಿ ನೇರಳೆ, ಬೂದು ಬಿಳಿ.
ಬರೆದು ನೋಡಿದರೆ, ಅರೇ,
ಯಾರೂ ಹೊಂದಿಸದೆ ತಾವೇ ಜೋಡಿಯಾಗಿ ನಿಂತಿವೆ!
ಕ ಕ ಕೆ ಕಿ, ಹ ಹ, ನೀ ನೇ, ಬೂ ಬಿ.
ಹಲ್ಲು ಬರುತ್ತಿರುವ ಕೂಸಿನ ಮಾತು.
"ಇನ್ನೊಮ್ಮೆ ಹೇಳು" ಅಂದಳು ಡೊರೀನ್.
ಮೂವರೂ ಹೇಳಿದರು. ಟ್ರೆವರನ ಬೂ ಎಮ್ಮೆಗರುವಿನದು.

ಡೊರೀನಳ ಕಣ್ಣಿಗೆ ಈಗೀಗ ನೀಲಿ, ನೇರಳೆ, ಬೂದು ಎಲ್ಲ ಒಂದೇ ಮಬ್ಬು.
ಇದು ತಿಳಿದದ್ದು ಐದನೆಯ ವಾರ,
ಪಂಪಿನ ದೀಪಕ್ಕೆಂದು ಒಂದು ಕಾಳು ಆರಿಸಿ
ಬೆಳಕಿಗೆ ಹಿಡಿದು, ಹಿಡಿದು,
ಏನೂ ಹೇಳದೆ ನನ್ನ ಅಂಗೈಗೆ ಹಾಕಿದಾಗ.
"ಹ, ನೇ, ಕ" ಎಂದು ಓದಿದೆ.
"ಯಾವ ಹ?"
"ಮೊದಲನೆಯದು."
"ಯಾವ ಕ?"
"ಎರಡನೆಯದು."
ಬೆರಳು ಮಡಚಿ ತುಟಿಯಲ್ಲೇ ಎಣಿಸಿದಳು, ಕ ಕ ಕೆ ಕಿ ಹ...
"ನಾನೂರ ಎಪ್ಪತ್ತು. ಸರಿಯಾಗಿದೆ" ಎಂದು
ಬೆಸುಗೆಕೋಲನ್ನು ಲಾಕ್ಲನ್ ಕಡೆ ಸರಿಸಿದಳು.