ಆರು ಗಂಟೆಯ ನಿಜ

ಹಾಪ್ಸಲುವಿನ ನನ್ನ ಮೇಜಿನಿಂದ ಕಾಣುವುದು
ಒಂದು ಪೆಟ್ರೋಲ್ ಬಂಕು, ಅದರಾಚೆ ಬಿಳಿ.
ಆ ಬಿಳಿಯೇ ಸಮುದ್ರ.
ಚಳಿ ಬಲಿತ ವರ್ಷ ಅದರ ಮೇಲೊಂದು ರಸ್ತೆ ಹುಟ್ಟುತ್ತದೆ,
ಹೀಯುಮಾ ದ್ವೀಪದವರೆಗೆ, ಇಕ್ಕೆಲಕ್ಕೂ ಜುನಿಪರ್ ಕೊಂಬೆ ನೆಟ್ಟು.
ಸೀಟ್ ಬೆಲ್ಟ್ ಬಿಚ್ಚಿಕೊಂಡೇ ಓಡಿಸಬೇಕು,
ಒಡೆದರೆ ಹೊರಬೀಳಲು.

ಎಂಡೆಲ್ ಬೈರಿಗೆ ಹಿಡಿದು ನಸುಕಿಗೇ ಹೋಗುತ್ತಾನೆ,
ತೂತು ಕೊರೆದು ಅಳೆದು ಫೋನಿನಲ್ಲಿ ಬರೆಯುತ್ತಾನೆ:
ಇಪ್ಪತ್ತೇಳು ಸೆಂಟಿಮೀಟರ್. ತೆರೆದಿದೆ.
ಅದನ್ನು ಊರಿಗೆ ಬಡಿಸುವುದು ನನ್ನ ಸರ್ವರ್.
ಅದರ ಬಾಗಿಲಲ್ಲೊಂದು ಪ್ರಾಕ್ಸಿ,
ಒಂದು ಸಲ ಕೇಳಿಬಂದದ್ದನ್ನೇ ಬಂದವರಿಗೆಲ್ಲ ಹೇಳುತ್ತದೆ
ಮೂರು ಸಾವಿರದ ಆರುನೂರು ಸೆಕೆಂಡು.
ಆ ಸಂಖ್ಯೆ ಬರೆದವಳು ನಾನೇ. ಆಗಸ್ಟಿನಲ್ಲಿ,
ಕಿಟಕಿ ತೆರೆದಿಟ್ಟು, ಸ್ಟ್ರಾಬೆರಿ ತಿನ್ನುತ್ತ.

ಮಂಗಳವಾರವೂ ಆರಕ್ಕೆ ಅವನು ಅದನ್ನೇ ಬರೆದ.
ಆಮೇಲೆ ಗಾಳಿ ತಿರುಗಿತು.
ಆರೂ ಇಪ್ಪತ್ತಕ್ಕೆ ಬಿರುಕು. ಮುಚ್ಚಿದೆ, ಎಂದು ಬರೆದ;
ತನ್ನ ಫೋನಿನಲ್ಲೇ ತೆರೆದು ನೋಡಿದ, ಮುಚ್ಚಿದೆ;
ಗೇಟು ಹಾಕಲು ನಡೆದು ಬರತೊಡಗಿದ.
ಒಳಗಿನವರ ಕುಕೀ ಇದ್ದರೆ ಪ್ರಾಕ್ಸಿ ದಾರಿ ಬಿಡುತ್ತದೆ.
ಅದೊಂದೇ ವಿನಾಯಿತಿ ನಾನು ಕೊಟ್ಟದ್ದು:
ಗೊತ್ತಿದ್ದವರಿಗೇ ಬಿಸಿ, ಮಿಕ್ಕವರಿಗೆ ತಂಗಳು.

ಬ್ರೆಡ್ಡಿನ ವ್ಯಾನು ಎಂಟು ಕೊಂಬೆ ದಾಟಿತ್ತು.
ಅವನು ಟಾರ್ಚು ಬೀಸಿ ಕೂಗಿದ: ಹಿಂದಕ್ಕೆ, ಮೆಲ್ಲಗೆ,
ಬಾಗಿಲು ತೆರೆದೇ ಇರಲಿ.

ದಡಕ್ಕೆ ಬಂದ ಮೈಮು ಫೋನು ಅವನ ಮುಖಕ್ಕೆ ಹಿಡಿದಳಂತೆ.
ಅವಳದರಲ್ಲಿ ಇಪ್ಪತ್ತೇಳು, ಅವನದರಲ್ಲಿ ಮುಚ್ಚಿದೆ.
"ಸುಳ್ಳು ಹೇಳಿದ್ದು ಯಾರು?"
"ಸುಳ್ಳಲ್ಲ ಮೈಮು. ಆರು ಗಂಟೆಗೆ ಅದು ನಿಜವಾಗಿತ್ತು."

ಎಂಟಕ್ಕೆ ಕೂತು ಬರೆದೆ:
ಹಿಮರಸ್ತೆಯನ್ನು ಕೇಳಿ ಯಾರೇ ಬರಲಿ,
ನೆನಪಿನಿಂದ ತೆಗೆದು ಕೊಡಬೇಡ.
ಕೊಟ್ಟದ್ದನ್ನು ನೆನಪಿನಲ್ಲಿ ಇಡಬೇಡ.
ಎರಡನೆಯದನ್ನು ಮರೆಯುವವರೇ ಹೆಚ್ಚು.
ನಾನು ಮರೆತದ್ದು ಒಂದು ಸೆಮಿಕೋಲನ್; ಪರೀಕ್ಷೆಯಲ್ಲೇ ಸಿಕ್ಕಿಬಿತ್ತು.
ಕೈ ನಡುಗುತ್ತಿತ್ತೆಂದು ಯಾರಿಗೂ ಹೇಳಿಲ್ಲ.

ದೀಪಸ್ತಂಭದ ಚಿತ್ರಗಳು, ಮ್ಯೂಸಿಯಂ ತೆರೆಯುವ ಹೊತ್ತು,
ಹಳೆಯ ಹಡಗುಗಳ ಪಟ್ಟಿ: ಇವು ತಂಗಳಿದ್ದರೂ ಕೆಡುವುದಿಲ್ಲ.
ಹಾಗೇ ಬಿಟ್ಟೆ.
ಹಿಮದ ಪ್ರಶ್ನೆ ಮಾತ್ರ ಪ್ರತಿ ಸಲವೂ ಒಳಮನೆಗೆ ಹೋಗಿಬರುತ್ತದೆ.
ಸರ್ವರ್ ಏದುಸಿರು ಬಿಡುತ್ತದೆ. ಬಿಡಲಿ.

ಈಗ ಏಪ್ರಿಲ್. ರಸ್ತೆ ನೀರಾಗಿದೆ,
ಕೊಂಬೆಗಳು ಎಲ್ಲೋ ತೇಲುತ್ತಿವೆ.
ರಾತ್ರಿ ಎರಡಕ್ಕೆ ಯಾರೋ ಒಬ್ಬರು ಕೇಳುತ್ತಾರೆ;
ಪ್ರಾಕ್ಸಿ ಎದ್ದು, ಒಳಗೆ ಹೋಗಿ,
ಹೊಸದಾಗಿ ಕೇಳಿಕೊಂಡು ಬರುತ್ತದೆ:
ಮುಚ್ಚಿದೆ.