ತತ್ತಿಯಂಥ ತೂತು

ಮಂಟೂರ ರೋಡಿನ ಗುಜರಿಯೊಳಗ
ಮೌಲಾಸಾಬ ಬೇಪಾರಿ ಯಾವ ತುಂಡು ಎತ್ತಿದ್ರೂ
ಅದು ಎಪ್ಪತ್ತೊಂದರ ಲಡಾಯಿದು.
"ಇದಕ್ಕ ಗುಂಡು ಬಡದೈತಿ ನೋಡ್ರಿ ಸಾಹೇಬ್ರ."
ಬಡದದ್ದು ಗುಂಡಲ್ಲ, ಅವನ ಹುಡುಗನ ಸುತ್ತಿಗಿ.
ನಾನು ಬಾಯಿ ಬಿಡೂದಿಲ್ಲ,
ಬಿಟ್ರ ಕಿಲೋಕ್ಕ ಇಪ್ಪತ್ತು ಏರಸ್ತಾನ.

ಮೊದಲು ಸೂಜಿಗಲ್ಲು. ಅಂಟಿತೋ, ಎದ್ದೆ.
ಅಂಟಲಿಲ್ಲೋ, ಅಲ್ಲೇ ಕುಕ್ಕರಗಾಲಿಲೆ ಕುಂತೆ.
ಆಮ್ಯಾಲ ಉಗುರು.
ಬೂದಿ ಬಣ್ಣದ ಕೆಳಗ ಹಸಿರು,
ಹಸಿರಿನ ಕೆಳಗ ಒಂಥರಾ ಹಳದಿ.
ಕುಸುಬಿ ಹೂವಿನ ಹಳದಿ ಅಲ್ಲದು,
ನಿಂಬಿಕಾಯಿ ಹಣ್ಣಾಗೂ ಹಿಂದಿನ ದಿನದ್ದು.
ಆ ಬಣ್ಣ ಕಂಡ್ರ ಈ ವಯಸ್ಸಿನ್ಯಾಗೂ
ಎದಿ ಹೊಡಕೋತೈತಿ, ಮದಿವಿ ಗೊತ್ತಾದ ವರ್ಷ ಹೊಡಕೊಂಡಂಗ.
ಕಡೀಕ ನಂಬರು:
ಹಲ್ಲುಜ್ಜೂ ಬ್ರಶ್ಶು, ಸೀಮಿಎಣ್ಣಿ, ಭೂತಗನ್ನಡಿ,
ಅಕ್ಷರ ಒಂದೊಂದ ಎದ್ದು ಕುಂಡರತಾವ.

ಮೂವತ್ತಾರು ವರ್ಷ ರೇಲ್ವೆ ವರ್ಕ್‌ಶಾಪಿನ್ಯಾಗ
ಗಾಲಿಗೆ ಬಡದು, ಕಿವಿಗೊಟ್ಟು,
ಇದರಾಗ ಬಿರುಕೈತಿ ಅಂತ ಹೇಳಿದಾಂವ ನಾನು.
ನೆಲ ಬಿಡದ ಕಬ್ಬಣದ ಸಾವಾಸ.
ರಿಟೈರಾದ ಮ್ಯಾಲ ಹಗುರಾದ್ದಕ್ಕ ಮನಸ್ಸು ಹೋತು.
ಚಂಪವ್ವ ಒಂದ ಸಲ ಅಂದ್ಲು:
"ಬಂಗಾರ ಕೂಡಿಸಿದ್ರ ಯಾಕಂತ ಕೇಳತಿರಲಿಲ್ಲ."

ಪಡಸಾಲ್ಯಾಗ ಈಗ ನೂರಾ ಹದಿನಾಕು ತುಂಡು.
ಎಲ್ಲಕ್ಕೂ ರಟ್ಟಿನ ಬಿಲ್ಲೆ:
ಎಲ್ಲಿ ಸಿಕ್ತು, ಯಾರು ಕೊಟ್ರು, ಎಷ್ಟಕ್ಕ, ಏನು.
ಮೂವತ್ತೆಂಟರ ಮ್ಯಾಲ "ಗೊತ್ತಿಲ್ಲ" ಅಂತೈತಿ, ಶಾಯಿಲೆ.
"ಇರಬಹುದು" ಅಂತ ಬರಿಯೂದಿದ್ರ ಪೆನ್ಸಿಲ್ಲು.

ನಟ್ಟನಡು ಗ್ವಾಡಿಗೆ ಇದ್ದದ್ದು
ವಿಮಾನ ನಡಸೋ ಹಿಡಿಕಿ.
ನಾಕು ಬೆರಳಿಗೆ ನಾಕು ತೆಗ್ಗು, ಹೆಬ್ಬೆರಳಿಗೆ ಗುಂಡಿ.
ಬಂದವರೆಲ್ಲ ಹಿಡಕೊಂಡು ಕಣ್ಣು ಮುಚ್ಚತಿದ್ರು.
ನಾನೂ.
ಹನ್ನೊಂದು ವರ್ಷ.

ಹ್ವಾದ ಶ್ರಾವಣದಾಗ ಧೂಳ ಒರಸುವಾಗ
ತಳದ ಸ್ಕ್ರೂ ಸಡಿಲಾಗಿ ಮುಚ್ಚಳ ಬಂತು.
ಒಳಗ, ಆ ಹಳದಿ ಮ್ಯಾಲ,
ಸಣ್ಣದೊಂದು ಕೆಂಪು ಮೊಹರು, ನಡುವ ಅಡ್ಡಗೀಟು.
ಬರದ ಭಾಷಾ ಬ್ಯಾರೆ ಇದ್ರೂ ಮೊಹರು ಓದಾಕ ಬರತೈತಿ ನನಗ,
ನಾನೂ ಹೊಡದೀನಿ ಎಷ್ಟೋ ಗಾಲಿಗೆ.
ತಪಾಸಣಿಯಾಗ ಫೇಲು.
ಇದು ಹಾರಿಲ್ಲ.
ಇದರ ಮ್ಯಾಲ ಯಾವ ಅಂಗೈನೂ ಬೆವತಿಲ್ಲ,
ನಮ್ಮದೊಂದು ಬಿಟ್ರ.

ಆ ವಾರ ಅಣ್ಣಿಗೇರಿಗೆ ಹೋಗೂದಿತ್ತು, ಬೀಗರ ಮನಿಗೆ.
ಬಸ್‌ಸ್ಟ್ಯಾಂಡಿನ ಹೊರಗ ಶಿವಗಂಗವ್ವನ ಮಿರ್ಚಿ ಗಾಡಿ.
ಬೋಗಾಣಿ ಮ್ಯಾಲ ಅಡ್ಡಕ್ಕ ಒಂದು ತಗಡು,
ಐದು ದೊಡ್ಡ ತೂತು, ಅಂಚು ಒಳಗ ಮಡಚಿದ್ದು.
ಮಿರ್ಚಿ ಮ್ಯಾಲ ನಿಂತಾವ, ಎಣ್ಣಿ ಇಳದು ಹೊಂಟೈತಿ.
ಅವು ಎಣ್ಣಿಗೆ ಕೊರದ ತೂತಲ್ಲ,
ಭಾರ ಇಳಸಾಕ ಕೊರದದ್ದು.
ರೆಕ್ಕಿಯ ಪಕ್ಕಡಿ ಅದು.

"ಯವ್ವಾ, ಇದೆಲ್ಲಿದು?"
"ನಮ್ಮತ್ತಿದು."

ಅಂಚಿಗಿದ್ದ ರಿವೆಟ್ಟಿನ ಸಣ್ಣ ತೂತಿಗೆ
ಬೆರಳಿಟ್ಟೆ, ಸುಟ್ಟಿತು, ಮತ್ತ ಇಟ್ಟೆ.
ಕೊರದಾಗ ಗುಂಡಗಿದ್ದದ್ದು
ಈಗ ತತ್ತಿಯಂಗ ಉದ್ದಾಗೈತಿ.
ಗಾಳಿ ಜಗ್ಗಿ ಜಗ್ಗಿ ಮಾಡಿದ್ದು ಅದು.
ನಿಂತ ಇಮಾನಕ್ಕ ಹಂಗಾಗೂದಿಲ್ಲ.
ಎಷ್ಟು ಸಾವಿರ ತಾಸು ಮ್ಯಾಲಿತ್ತೋ.

ಹೇಳಿದೆ.
ಹಿಟ್ಟಿನ ಕೈ ತಡದು ಒಂದ ಗಳಿಗಿ ನೋಡಿದ್ಲು ತಗಡು,
ಸೊಸಿ ಅತ್ತಿಯ ಹಳೇ ಗುಟ್ಟು ಕೇಳಿದಂಗ.
"ಹಾರಿದ್ರ ಹಾರಲಿ ಬಿಡ್ರಿ, ಮಾರಂಗಿಲ್ಲ.
ನಿಮಗ ಎಷ್ಟು ಕಟ್ಟಲಿ?"

ನಾಕು.
ಸುತ್ತಿದ ಪೇಪರಿನ ಅಂಚು ಹರಕೊಂಡು
ಬಸ್ಸಿನ್ಯಾಗ ಬರದೆ, ಶಾಯಿಲೆ:
ಅಣ್ಣಿಗೇರಿ. ಶಿವಗಂಗವ್ವನ ಅತ್ತಿದು. ಕೊಟ್ಟಿಲ್ಲ. ಹಾರೈತಿ.

ಮನಿಗೆ ಬಂದು ಹಿಡಿಕಿಯ ಬಿಲ್ಲೆ ತಿದ್ದಿದೆ,
ಮೊಳಿ ಬದಲ ಮಾಡಲಿಲ್ಲ.
ಪಕ್ಕಕ್ಕ ಇನ್ನೊಂದು ಮೊಳಿ ಬಡದು
ಎಣ್ಣಿ ಕಲಿ ಬಿದ್ದ ಆ ಚೀಟಿ ಅಷ್ಟ ತೂಗಬಿಟ್ಟೀನಿ.
ಬಂದವರು ಈಗಲೂ ಹಿಡಿಕಿ ಹಿಡಕೊಂಡು ಕಣ್ಣು ಮುಚ್ಚತಾರ.
ಮುಚ್ಚಲಿ.
ಬಿಲ್ಲೆ ಓದೂದು ಆಮ್ಯಾಲಿಂದು.